ಐಸಿಯು ಕಂಡು ಬಂದ ಮೇಲೂ ಕೀಮೋ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನ್ರಿಗೆ 52 ವರ್ಷ. ಕುತ್ತಿಗೇಲಿ ಗಂಟು ಬಂದು ಬಯಾಪ್ಸಿ ಮಾಡ್ಸಿದಾಗ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಅನ್ನೋ ದುಗ್ಧಗ್ರಂಥಿ ಕ್ಯಾನ್ಸರ್ ಅಂತ ಬಂತು, ಆರ್-ಚಾಪ್ ಕೀಮೋ 6 ಸೈಕಲ್ ಅಂದ್ರು. ಎರಡನೇದು ಮುಗಿಸ್ಕೊಂಡು ಬೆಂಗಳೂರಿಂದ ಬಂದ ಹತ್ತನೇ ದಿನ ಸಂಜೆ ಚಳಿ ಹತ್ತಿ ಜ್ವರ 101 ಆಯ್ತು, ಮಾತ್ರೆ ಕೊಟ್ಟು ಮಲಗಿಸಿದ್ವಿ, ಬೆಳಗ್ಗೆ ನೋಡಿದ್ರೆ ಮಾತು ತೊದಲ್ತಿದೆ, ಆಸ್ಪತ್ರೇಲಿ ಬಿಪಿನೇ ಸಿಗ್ತಿಲ್ಲ ಅಂದ್ರು. ವೆಂಟಿಲೇಟರ್ ಎಲ್ಲಾ ಆಗಿ ಹೆಂಗೋ ಉಳ್ಕೊಂಡ್ರು. ಈಗ ಗಂಟು ಕರಗಿದೆಯಲ್ಲ, ಇನ್ನು ಕೀಮೋ ಬೇಡ ಅಂತ ಯಜಮಾನ್ರು ಹಠ ಹಿಡಿದಿದಾರೆ. ನಮ್ಮತ್ತೆ, ಮದುವೆಮನೆ ಊಟಕ್ಕೆ ಕರ್ಕೊಂಡು ಹೋಗಿದ್ದಕ್ಕೇ ಹಿಂಗಾಯ್ತು ಅಂತ ನನ್ನೇ ಬೈತಾರೆ.
— ಹೆಸರು ಬೇಡ, ತಿಪಟೂರು

ಉತ್ತರ: ಅಮ್ಮಾ, ಮೊದಲು ಅತ್ತೆಯವರ ವಿಷಯ ಮುಗಿಸೋಣ. ಇಂಥ ಸೋಂಕು ತರೋ ಬ್ಯಾಕ್ಟೀರಿಯಾ ಬಹಳಷ್ಟು ಸಲ ರೋಗಿಯ ಕರುಳಲ್ಲೇ ಮೊದಲಿಂದ ಇರೋವು. ಕೀಮೋದಿಂದ ಬಾಯಿ, ಕರುಳಿನ ಒಳಪದರ ಸವೆಯುತ್ತೆ, ಅದೇ ಹೊತ್ತಿಗೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳ ಕೌಂಟ್ ಬೀಳುತ್ತೆ, ಆಗ ಆ ಬ್ಯಾಕ್ಟೀರಿಯಾ ಸೀದಾ ರಕ್ತಕ್ಕೆ ಇಳೀತವೆ. ಕೌಂಟ್ ತೀರಾ ತಳ ಮುಟ್ಟೋದು ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14 ದಿನದೊಳಗೆ, ನಿಮ್ಮವರಿಗೆ ಜ್ವರ ಬಂದಿದ್ದೂ ಆಗಲೇ. ಮದುವೆ ಊಟದ ಮೇಲೆ ಹೊರಿಸೋಕೆ ನನಗಂತೂ ಕಾರಣ ಕಾಣಲ್ಲ, ನಿಮ್ಮ ಮೇಲಂತೂ ಮೊದಲೇ ಇಲ್ಲ.

ಆ ಮಾತ್ರೆ ವಿಷಯ ಮಾತ್ರ ಎಲ್ಲರೂ ಕೇಳಿಸ್ಕೊಳ್ಳಿ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದಾಗ ಕೀವು ಆಗೋಕೂ ಕಣ ಇರಲ್ಲ, ಊತ ಕೆಂಪು ಏನೂ ಸರಿಯಾಗಿ ಕಾಣಲ್ಲ, ಬಹಳಷ್ಟು ಸಲ ಜ್ವರ ಒಂದೇ ಸುಳಿವು. ಅದನ್ನೂ ಪ್ಯಾರಾಸಿಟಮಾಲ್ ಕೊಟ್ಟು ಇಳಿಸಿಬಿಟ್ರೆ ಒಳಗೆ ಸೆಪ್ಸಿಸ್, ಅಂದ್ರೆ ಸೋಂಕಿಂದ ಅಂಗಾಂಗಗಳೇ ಕೆಡೋ ಸ್ಥಿತಿ, ಬೆಳೀತಾ ಇದ್ರೂ ಮನೆಯವರಿಗೆ ಗೊತ್ತಾಗಲ್ಲ. ಆರ್-ಚಾಪಲ್ಲಿ 5 ದಿನ ಕೊಡೋ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಕೂಡ ಜ್ವರ ಮುಚ್ಚಿಡುತ್ತೆ, ಹಾಗಾಗಿ ಬರೀ ಚಳಿ ನಡುಕ ಬಂದ್ರೂ, ವಿಪರೀತ ಸುಸ್ತಾದ್ರೂ ಹೊರಡಿ. 100.4 ದಾಟ್ತು ಅಂದ್ರೆ ರಾತ್ರಿ ಎರಡು ಗಂಟೆ ಆಗಿದ್ರೂ ಆಸ್ಪತ್ರೆ, ಅಲ್ಲಿ ಬಾಗಿಲಲ್ಲೇ 'ಕೀಮೋ ಪೇಷೆಂಟ್, ಜ್ವರ' ಅಂತ ಜೋರಾಗಿ ಹೇಳಿ, ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗ್ಬೇಕು. ಬೆಂಗಳೂರಿನ ಡಾಕ್ಟರ್‌ಗೇ ತೋರಿಸ್ತೀವಿ ಅಂತ ಮೂರು ಗಂಟೆ ಕಾರಲ್ಲಿ ಕೂರಿಸ್ಕೊಂಡು ಹೋಗೋದು ತಪ್ಪು. ಮೊದಲ ಡೋಸ್ ಊರಲ್ಲೇ ಬೀಳಲಿ, ಆಮೇಲೆ 108 ಕರೆಸಿ ಶಿಫ್ಟ್ ಮಾಡಿ. ಯಾವ ಆಸ್ಪತ್ರೆ ಅಂತ ಈಗಲೇ ಹೋಗಿ ಮಾತಾಡಿಟ್ಟಿರಿ, ಕೀಮೋ ಚೀಟಿಯ ಜೆರಾಕ್ಸ್ ಬಾಗಿಲ ಹಿಂದೆ ನೇತುಹಾಕಿ.

ಇನ್ನು ನಿಲ್ಲಿಸೋ ಮಾತು. ನಿಲ್ಲಿಸಬೇಡಿ ಅಂತಲೇ ನನ್ನ ಅಭಿಪ್ರಾಯ. ಇದು ಗುಣ ಆಗೋ ಕ್ಯಾನ್ಸರ್, ಆರ್-ಚಾಪ್ ಪೂರ್ತಿ ತಗೊಂಡವರಲ್ಲಿ 100ಕ್ಕೆ ಸುಮಾರು 60 ಜನ ಗುಣವಾಗ್ತಾರೆ. ಎರಡೇ ಸೈಕಲ್‌ಗೆ ಗಂಟು ಕೈಗೆ ಸಿಗ್ತಿಲ್ಲ ಅಂದ್ರೆ ಮದ್ದು ನಾಟಿದೆ ಅಂತ, ರೋಗ ಹೋಗಿದೆ ಅಂತಲ್ಲ. ತಿರುಗಿ ಬಂದ್ರೆ ಆಗ ಕೊಡೋ ಕೀಮೋ ಇದಕ್ಕಿಂತ ಬಿರುಸು, ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ತನಕ ಹೋಗಬಹುದು. ಹಾಗಂತ ಮೊದಲಿನ ಹಾಗೇ ಕೊಡಿ ಅಂತಲೂ ನಾನು ಹೇಳಲ್ಲ. ಕೀಮೋ ಆಗಿ 24 ಗಂಟೆ ಕಳೆದ ಮೇಲೆ ಕೌಂಟ್ ಏರಿಸೋ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಡ್ತಾರೆ, ದಿನಾ ಒಂದರಂತೆ ಕೊಡೋ ಫಿಲ್‌ಗ್ರಾಸ್ಟಿಮ್ ಆಗಬಹುದು, ಸೈಕಲ್‌ಗೆ ಒಂದೇ ಸಾಕಾಗೋ ಪೆಗ್‌ಫಿಲ್‌ಗ್ರಾಸ್ಟಿಮ್ ಆಗಬಹುದು. ಐಸ್ ಬಾಕ್ಸಲ್ಲೇ ಊರಿಗೆ ತರ್ಬೇಕು, ಸೊಂಟ ಬೆನ್ನು ಮೂಳೆ ನೋಯುತ್ತೆ, ಹೆದರ್ಕೋಬೇಡಿ. ಡೋಸ್ ಇಳಿಸ್ಬೇಕಾ, ಹಾರ್ಟ್ ಎಕೋ ಮತ್ತೆ ನೋಡ್ಬೇಕಾ, ಎಷ್ಟು ವಾರ ತಡೀಬಹುದು, ಈ ಮೂರನ್ನೂ ನಿಮ್ಮ ಆಂಕಾಲಜಿಸ್ಟ್ ಹತ್ರ ಬಾಯ್ಬಿಟ್ಟು ಕೇಳಿ.

ಯಜಮಾನ್ರು ಬರಲ್ಲ ಅನ್ನೋದು ಬರೀ ಹಠ ಇರಲಿಕ್ಕಿಲ್ಲ. ಐಸಿಯುಲಿದ್ದವರಿಗೆ ಯಾರೋ ಕಟ್ಟಿಹಾಕಿದ ಹಾಗೆ, ಗೋಡೆ ಮೇಲೆ ಹುಳ ಹರಿದ ಹಾಗೆ ಭ್ರಮೆ ಆಗೋದು ತುಂಬಾ ಸಾಮಾನ್ಯ, ಹೇಳಿದ್ರೆ ಹುಚ್ಚು ಅಂತಾರೆ ಅಂತ ಬಾಯೇ ಬಿಡಲ್ಲ. ಸುಮ್ನೆ ಪಕ್ಕ ಕೂತು 'ಅಲ್ಲಿ ಏನೇನು ಕಂಡ್ತು ರೀ' ಅಂತ ಕೇಳಿ ನೋಡಿ. ನಿದ್ದೆ ಬರ್ತಿಲ್ಲ ಅಂದ್ರೆ ಅದಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ: ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್, ಕೀಮೋ ನಡೀತಿದೆ, ನಾಲ್ಕು ದಿನದಿಂದ ಎಡಗಾಲು ಮಾತ್ರ ಊದಿ ನೋವು. ಎಳ್ಳೆಣ್ಣೆ ಹಚ್ಚಿ ತಿಕ್ಕಬಹುದಾ?
— ಓದುಗ, ಹಾವೇರಿ

ಉತ್ತರ: ತಿಕ್ಕಲೇಬೇಡಿ. ನಿಮಗೆ ಆಗಲೇ ಫೋನಲ್ಲಿ ಹೇಳಾಗಿದೆ, ಬೇರೆಯವರಿಗೂ ಗೊತ್ತಿರಲಿ ಅಂತ ಬರೀತಿದೀನಿ. ಕ್ಯಾನ್ಸರ್ ಇದ್ದವರಲ್ಲಿ ರಕ್ತ ಹೆಪ್ಪುಗಟ್ಟೋದು ಜಾಸ್ತಿ, ಒಂದೇ ಕಾಲು ಊದಿದ್ರೆ ಅದೇ ದಿನ ರಕ್ತನಾಳ ನೋಡೋ ಡಾಪ್ಲರ್ ಸ್ಕ್ಯಾನ್ ಆಗ್ಬೇಕು. ಆ ರಕ್ತದ ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ, ಜೊತೆಗೆ ಎದೆನೋವು ಏದುಸಿರು ಬಂದ್ರೆ ಸ್ಕ್ಯಾನ್ ಸೆಂಟರ್ ಹುಡುಕ್ತಾ ಕೂರದೆ ಸೀದಾ ಎಮರ್ಜೆನ್ಸಿಗೆ ಹೋಗಿ.