ಹೊಸ ಊರಿಗೆ ಹೋಗುವುದಕ್ಕೆ ಎಷ್ಟು ಮುಂಚೆ ಬಾಡಿಗೆ ಮನೆ ಹುಡುಕಬೇಕು?

ಹೊರಡುವ ದಿನಕ್ಕೆ ನಾಲ್ಕರಿಂದ ಆರು ವಾರ ಮೊದಲು ಹುಡುಕಾಟ ಆರಂಭಿಸುವುದು ಸಾಮಾನ್ಯವಾಗಿ ಸೂಕ್ತ. ಈಗಿರುವ ಬಾಡಿಗೆದಾರರು ಮನೆ ಬಿಡುವುದಾಗಿ ಒಂದೆರಡು ತಿಂಗಳು ಮುಂಚಿತವಾಗಿ ತಿಳಿಸಿದ ಮೇಲೆಯೇ ಆ ಮನೆ ಖಾಲಿಯಾಗುವ ಸುದ್ದಿ ಹೊರಬೀಳುತ್ತದೆ; ಆದ್ದರಿಂದ ನಾಲ್ಕೈದು ತಿಂಗಳು ಮೊದಲೇ ವಿಚಾರಿಸಿದರೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆಗಲೇ ಖಾಲಿಯಿರುವ ಮನೆಗಳು, ಅವನ್ನು ನೀವು ಬರುವವರೆಗೆ ಬಾಡಿಗೆಯಿಲ್ಲದೆ ಬೀಗ ಹಾಕಿಡಲು ಮಾಲೀಕರು ಒಪ್ಪುವುದು ಅಪರೂಪ. ಶಾಲೆ-ಕಾಲೇಜುಗಳು ತೆರೆಯುವ ಹೊತ್ತಿಗೆ ಬೇಡಿಕೆ ಏರುವುದರಿಂದ ಆಗ ಇನ್ನೆರಡು ವಾರ ಮುಂಚೆ ತೊಡಗಬೇಕು. ಆದರೆ ಅವಸರ ಎಷ್ಟೇ ಇದ್ದರೂ, ಮನೆಯನ್ನು ಕಣ್ಣಾರೆ ನೋಡಿ, ನಲ್ಲಿ ತಿರುಗಿಸಿ ನೀರಿನ ರಭಸವನ್ನೂ ಕಿಟಕಿ ತೆರೆದು ಗಾಳಿ-ಬೆಳಕನ್ನೂ ಪರೀಕ್ಷಿಸದೆ ದಯವಿಟ್ಟು ಮುಂಗಡ ಕೊಡಬೇಡಿ. ಅದಕ್ಕಿಂತ ಮೊದಲ ಒಂದೆರಡು ವಾರ ತಾತ್ಕಾಲಿಕ ವಸತಿಯಲ್ಲಿದ್ದು ಹುಡುಕುವುದೇ ಲೇಸು.