ಫ್ಯೂರಿ ಸಹೋದರರಲ್ಲಿ ಇಬ್ಬರೇ ಉಳಿದಿರುವಾಗ ಅವರ ಕಾರ್ಯಕ್ರಮಕ್ಕೆ ಹೋಗುವುದರಲ್ಲಿ ಅರ್ಥವಿದೆಯೇ?

ಇಂಗ್ಲೆಂಡಿನ ನಿಮ್ಮ ಊರಿನ ರಂಗಮಂದಿರಕ್ಕೆ ಐರ್ಲೆಂಡಿನ ‘ದ ಫ್ಯೂರೀಸ್’ ತಂಡ ಬರುತ್ತಿದೆ, ಮೂಲದ ನಾಲ್ವರು ಅಣ್ಣತಮ್ಮಂದಿರಲ್ಲಿ ಎಡ್ಡಿ ಮತ್ತು ಜಾರ್ಜ್ ಮಾತ್ರ ವೇದಿಕೆಯ ಮೇಲಿರುತ್ತಾರೆ, ಹೀಗಿರುವಾಗ ದುಡ್ಡು ಕೊಟ್ಟು ಹೋಗುವುದೋ ಮನೆಯಲ್ಲೇ ಹಳೆಯ ಧ್ವನಿಮುದ್ರಣ ಕೇಳುವುದೋ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು 2002ರಲ್ಲಿ ನಾನು ಹಾಕಿದ್ದೆ, ತಪ್ಪಾಗಿ ಹಾಕಿದ್ದೆ.

ಹೊನ್ನಾವರದ ಕಡೆಯವಳಾದ ನಾನು ನರ್ಸ್ ಕೆಲಸ ಸಿಕ್ಕಿ 2001ರಲ್ಲಿ ಐರ್ಲೆಂಡಿಗೆ ಹೋದೆ. ಡಬ್ಲಿನ್ನಿನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನಲ್ಲಿ, ಅರವತ್ತು ದಾಟಿದ ಒಬ್ಬ ಮಹಿಳೆಯ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರು ಬೆಳೆದದ್ದು ಡಬ್ಲಿನ್ನಿನ ಬ್ಯಾಲಿಫರ್ಮಟ್ ಬಡಾವಣೆಯಲ್ಲಿ. ಫ್ಯೂರಿಗಳು ಬೆಳೆದದ್ದೂ ಅಲ್ಲೇ. ಊರೂರು ಸುತ್ತುವ ಟ್ರಾವೆಲರ್ ಸಮುದಾಯದ ಮೂಲದ ಕುಟುಂಬ ಅದು. ತಂದೆ ಟೆಡ್ ಫ್ಯೂರಿ ಹೆಸರಾಂತ ಪಿಟೀಲು ವಾದಕರು, ತಾಯಿಯ ಕೈಯಲ್ಲೂ ವಾದ್ಯವಿತ್ತು, ಎಡ್ಡಿ, ಫಿನ್‌ಬಾರ್, ಪಾಲ್, ಜಾರ್ಜ್ ಈ ನಾಲ್ವರಿಗೂ ಮನೆಯೇ ಪಾಠಶಾಲೆಯಾಗಿತ್ತು.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದಾಗ ಮನೆಯೊಡತಿ ಅಡುಗೆಮನೆಯಲ್ಲಿ ನನಗೆ ಚಹಾ ಕೊಟ್ಟು, ಕಿಟಕಿಯ ಕಟ್ಟೆಯ ಮೇಲಿದ್ದ ಕ್ಯಾಸೆಟ್ ಪ್ಲೇಯರಿನ ಗುಂಡಿ ಒತ್ತುತ್ತಿದ್ದರು. ಒಂದು ದಿನ ಅದರಿಂದ ಹೊರಟ ನಾದ ಕೇಳಿ ನಾನು ಲೋಟ ಕೆಳಗಿಟ್ಟೆ. ಅದು ನಮ್ಮ ಕೊಳಲಿನಂತೆಯೇ ಇತ್ತು, ಅಷ್ಟೇ ಮಂದ್ರ, ಉಸಿರಿನ ಸದ್ದೂ ಸ್ವರದ ಜೊತೆಗೇ ಕೇಳುವಂಥದ್ದು. ನುಡಿಸಿದವರು ಫಿನ್‌ಬಾರ್. ಅವರ ಬಳಿ ಭಾರತದ ಒಂದು ಬಿದಿರಿನ ಕೊಳಲಿತ್ತು, ಪ್ರವಾಸದ ನಡುವೆ ಅದು ಮುರಿದುಹೋಯಿತು, ಸರಿಮಾಡಿಕೊಡಲು ಕೇಳಿದಾಗ ಬರ್ನಾರ್ಡ್ ಓವರ್ಟನ್ ಎಂಬ ಇಂಗ್ಲಿಷ್ ವಾದಕರು ಅದನ್ನು ಜೋಡಿಸಲಾಗದೆ 1971ರಲ್ಲಿ ಅಲ್ಯೂಮಿನಿಯಮ್ ಕೊಳವೆಯಿಂದ ಹೊಸದೊಂದನ್ನು ಮಾಡಿದರು. ಇಂದು ಐರಿಷ್ ಸಂಗೀತದಲ್ಲಿ ಎಲ್ಲೆಡೆ ಕೇಳುವ ‘ಲೋ ವಿಸಲ್’ ಹುಟ್ಟಿದ್ದು ಹೀಗೆ. ಮನೆಯಿಂದ ಅಷ್ಟು ದೂರವಿದ್ದ ನನಗೆ ಈ ಸಂಗತಿ ಎಷ್ಟು ಹತ್ತಿರದ್ದೆನಿಸಿತೆಂದರೆ, ಫ್ಯೂರಿಗಳೆಂದರೆ ಫಿನ್‌ಬಾರ್, ಫಿನ್‌ಬಾರ್ ಎಂದರೆ ಆ ಕೊಳಲು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡುಬಿಟ್ಟೆ.

2002ರ ಆರಂಭದಲ್ಲಿ ಫ್ಯೂರಿಗಳು ನಮ್ಮ ಊರಿನ ರಂಗಮಂದಿರಕ್ಕೆ ಬಂದರು. ಮನೆಯೊಡತಿ ಎರಡು ಟಿಕೆಟ್ ತಂದು, ಒಂದನ್ನು ನನ್ನ ಚಹಾದ ತಟ್ಟೆಯ ಪಕ್ಕದಲ್ಲಿಟ್ಟರು. ನಾನು ಒಲ್ಲೆನೆಂದೆ. ಹಣದ ಮಾತೇ ಇರಲಿಲ್ಲ, ಅವರು ಉಡುಗೊರೆಯಾಗಿ ಕೊಟ್ಟಿದ್ದರು. ಆ ರಾತ್ರಿ ಪಾಳಿಯೂ ಇರಲಿಲ್ಲ. ನನ್ನ ಕಾರಣ ಒಂದೇ: ಫಿನ್‌ಬಾರ್ 1990ರ ದಶಕದಲ್ಲೇ ತಂಡದಿಂದ ಬೇರೆಯಾಗಿ ಒಬ್ಬರೇ ಹಾಡುತ್ತಿದ್ದರು. ಅಣ್ಣತಮ್ಮಂದಿರಲ್ಲವೇ, ಇವತ್ತಲ್ಲ ನಾಳೆ ಒಂದಾಗುತ್ತಾರೆ, ನಾಲ್ವರೂ ಒಟ್ಟಿಗೆ ಕೂತ ದಿನ ಹೋದರಾಯಿತು, ಮೊದಲ ಸಲ ನೋಡುವುದನ್ನು ಅರ್ಧಂಬರ್ಧ ನೋಡುವುದೇಕೆ ಎಂದು ಯೋಚಿಸಿದೆ. ಆಗ ಇದು ನನಗೆ ಸಂಗೀತದ ಮೇಲಿನ ಗೌರವವಾಗಿಯೇ ಕಂಡಿತ್ತು. ಮನೆಯೊಡತಿ ಏನೂ ಅನ್ನದೆ ಒಬ್ಬರೇ ಹೋಗಿ ಬಂದರು. ಪಕ್ಕದ ಖಾಲಿ ಸೀಟಿನ ಮೇಲೆ ಕೋಟನ್ನು ಮಡಿಸಿಟ್ಟುಕೊಂಡು ಕೂತಿದ್ದಾಗಿ ಮರುದಿನ ಹೇಳಿದರು. ಪಾಲ್ ಅಕಾರ್ಡಿಯನ್ ಚೆನ್ನಾಗಿ ನುಡಿಸಿದರು ಎಂದೂ ಹೇಳಿದರು.

ಆ ವರ್ಷದ ಜೂನ್‌ನಲ್ಲಿ ಪಾಲ್ ಫ್ಯೂರಿ ಹಠಾತ್ತಾಗಿ ತೀರಿಕೊಂಡರು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕೂತಿದೆ. ಒಂದು ಕಾರ್ಯಕ್ರಮ ತಪ್ಪಿಹೋಯಿತು ಎಂಬುದಷ್ಟೇ ಆಗಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ನಾಲ್ವರು ಕೂಡಿದರೆ ಪೂರ್ತಿ, ಮೂವರಾದರೆ ಮುಕ್ಕಾಲು, ಇಬ್ಬರಾದರೆ ಅರ್ಧ ಎಂದು ಒಂದು ಮನೆತನವನ್ನು ನಾನು ಎಣಿಸಿದೆ. ಅಂದು ನನ್ನ ಮುಂದಿದ್ದವರು ಎಡ್ಡಿ, ಪಾಲ್, ಜಾರ್ಜ್; ಇಲ್ಲದವರೊಬ್ಬರಿಗಾಗಿ ಇದ್ದ ಮೂವರನ್ನು ಬೇಡವೆಂದೆ. ನಾನು ಕಾಯುತ್ತಿದ್ದ ಆ ನಾಲ್ವರ ವೇದಿಕೆ ಜೂನ್ ತಿಂಗಳಿಂದ ಈ ಲೋಕದಲ್ಲೇ ಇಲ್ಲವಾಯಿತು. ಇನ್ನೂ ನೋವಿನ ಮಾತೆಂದರೆ, ಇದನ್ನು ತಿಳಿಯಲು ನಾನು ಐರ್ಲೆಂಡಿಗೆ ಹೋಗಬೇಕಾದ್ದೇ ಇರಲಿಲ್ಲ. ನಮ್ಮ ತಾಲ್ಲೂಕಿನಲ್ಲೇ ಕೆರೆಮನೆ ಯಕ್ಷಗಾನ ಮೇಳವಿದೆ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ್ದು, ಆಮೇಲೆ ಮಗ ಶಂಭು ಹೆಗಡೆಯವರು ನಡೆಸಿದ್ದು, ಈಗ ಮೊಮ್ಮಗ ಶಿವಾನಂದ ಹೆಗಡೆಯವರ ಕೈಯಲ್ಲಿರುವುದು. ‘ಮೂಲದವರು ಇಲ್ಲ, ಆಟಕ್ಕೆ ಹೋಗಿ ಏನು ಪ್ರಯೋಜನ’ ಎಂದು ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. ಊರಿನಲ್ಲಿ ಗೊತ್ತಿದ್ದದ್ದನ್ನು ಪರದೇಶದಲ್ಲಿ ಮರೆತೆ.

ಆದ್ದರಿಂದ ‘ಮೂಲ ಸದಸ್ಯರು ಎಷ್ಟು ಮಂದಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ಈ ತಂಡಕ್ಕೆ ಎಂದೂ ಹೊಂದಿದ ಲೆಕ್ಕವಲ್ಲ. ಮೊದಲು ಹೊರಗೆ ಹೆಸರು ಮಾಡಿದ್ದು ಎಡ್ಡಿ ಮತ್ತು ಫಿನ್‌ಬಾರ್ ಇಬ್ಬರೇ. 1969ರಲ್ಲಿ ಕ್ಲ್ಯಾನ್ಸಿ ಬ್ರದರ್ಸ್ ಎಂಬ ಹೆಸರಾಂತ ಐರಿಷ್ ಜಾನಪದ ಗಾಯಕರ ತಂಡದ ಜೊತೆ ಪ್ರವಾಸ ಮಾಡಿದ್ದೂ ಅವರೇ. ಪಾಲ್ ಮತ್ತು ಜಾರ್ಜ್ ಬೇರೆ ತಂಡದಲ್ಲಿದ್ದು 1970ರ ದಶಕದ ಉತ್ತರಾರ್ಧದಲ್ಲಿ ಸೇರಿಕೊಂಡರು, ಜೊತೆಗೆ ರಕ್ತಸಂಬಂಧವಿಲ್ಲದ ಡೇವಿ ಆರ್ಥರ್ ಕೂಡ ಬಂದರು. 1981ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೆ ಏರಿದ ಹಾಡು ಈ ಐವರದು. ಹಾಗಾದರೆ ಮೂಲ ಯಾವುದು? ಇಬ್ಬರೋ, ನಾಲ್ವರೋ, ಐವರೋ?

ನಾನು ಕೊನೆಗೂ ಅವರನ್ನು ನೋಡಿದ್ದು 2006ರ ಚಳಿಗಾಲದಲ್ಲಿ, ಅದೇ ರಂಗಮಂದಿರದಲ್ಲಿ, ಅದೇ ಮನೆಯೊಡತಿಯ ಜೊತೆ. ಈ ಸಲ ಟಿಕೆಟ್ ಕೊಂಡವಳು ನಾನು. ಮೂರನೆಯ ಸಾಲಿನಿಂದ ಎಡ್ಡಿಯವರ ಕೈ ಕಾಣುತ್ತಿತ್ತು. ಹಾಡು ಮುಗಿದ ಮೇಲೂ ಎಡಗೈ ತಂತಿಗಳ ಮೇಲೆಯೇ ಉಳಿದು, ನಾದ ಪೂರ್ತಿ ಆರುವ ತನಕ ಕದಲುತ್ತಿರಲಿಲ್ಲ. ನಡುವೆ, ಮೊದಲ ಮಹಾಯುದ್ಧದಲ್ಲಿ ಸತ್ತ ಹುಡುಗನೊಬ್ಬನ ಸಮಾಧಿಯ ಮುಂದೆ ಕೂತು ಹಾಡುವಂಥ ಹಾಡು ಬಂತು. ಎರಿಕ್ ಬೋಗಲ್ 1976ರಲ್ಲಿ ಬರೆದದ್ದು, ಐರ್ಲೆಂಡಿನ ಮನೆಮನೆಗೆ ತಲುಪಿಸಿದ್ದು ಫ್ಯೂರಿಗಳು. ಆ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಲಕ್ಷಕ್ಕೂ ಮಿಕ್ಕಿ ಐರಿಷ್ ಮಂದಿ ಹೋಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅವರ ಮಾತನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮನೆಯೊಡತಿಯ ಸೋದರಮಾವ ಹಾಗೆ ಹೋಗಿ ಬಾರದವರು ಎಂದು ನನಗೆ ಗೊತ್ತಾದದ್ದು ಆ ರಾತ್ರಿಯೇ. ಪಲ್ಲವಿ ಬಂದಾಗ ನಾನೂರು ಮಂದಿ ಹಾಡಿದರು, ಯಾರೂ ದನಿ ಎತ್ತರಿಸಲಿಲ್ಲ. ಯಾವ ಧ್ವನಿಮುದ್ರಣದಲ್ಲೂ ನನಗೆ ಇದು ಸಿಕ್ಕಿಲ್ಲ, ಏಕೆಂದರೆ ಅಲ್ಲಿ ಹಾಡುವವರು ಫ್ಯೂರಿಗಳು ಮಾತ್ರ.

ಫಿನ್‌ಬಾರ್ ಅವರ ಕೊಳಲನ್ನೂ, ಮೊಣಕೈಯಿಂದ ತಿದಿಯೊತ್ತಿ ನುಡಿಸುವ ಇಲಿನ್ ಪೈಪ್ಸ್ ವಾದ್ಯವನ್ನೂ ಕೇಳುವ ಆಸೆಯಿದ್ದರೆ ಅವರದೇ ಕಾರ್ಯಕ್ರಮವನ್ನು ಹುಡುಕಿಕೊಂಡು ಹೋಗಿ. ಅದನ್ನು ಇದಕ್ಕೆ ಷರತ್ತು ಮಾಡಬೇಡಿ. ಬಾಲ್ಕನಿ ಬೇಡ, ಕೈ ಕಾಣುವಷ್ಟು ಹತ್ತಿರ ಕೂರಿ. ಯಾರನ್ನಾದರೂ ಕರೆದುಕೊಂಡು ಹೋಗಿ. ಜನ ಕೂಡಿ ಹಾಡುವ ಎರಡು ಮೂರು ಪಲ್ಲವಿಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. 2006ರ ಆ ರಾತ್ರಿ ನನಗೆ ಒಂದು ಸಾಲೂ ಬರುತ್ತಿರಲಿಲ್ಲ. ಮನೆಯೊಡತಿ ಪ್ರತಿ ಸಾಲನ್ನೂ ಒಂದು ಕ್ಷಣ ಮುಂಚೆ ನನ್ನ ಕಿವಿಯಲ್ಲಿ ಹೇಳಿಕೊಡುತ್ತ, ತಾವು ಹಾಡುವುದನ್ನೇ ಬಿಟ್ಟಿದ್ದರು.