ಚೀನಾದ ಔಷಧಿ ಅಂಗಡಿಯಲ್ಲಿ "ಯಾವ ನೆಗಡಿ?" ಅಂತ ಕೇಳಿದರೆ ಏನು ಹೇಳಬೇಕು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಕೆಲಸಕ್ಕೆ ಅಂತ ಶೆನ್‌ಝೆನ್‌ಗೆ ಬಂದಿದ್ದೀರಿ, ನೆಗಡಿ ಹಿಡಿದಿದೆ. ಔಷಧಿ ಅಂಗಡಿಗೆ ಹೋದರೆ ಅಲ್ಲಿದ್ದ ಹೆಂಗಸು "ಫಂಗ್-ಹಾನೋ, ಫಂಗ್-ರನೋ" ಅಂತ ಕೇಳಿದರು. ಏನು ಹೇಳಬೇಕೋ ತೋಚದೆ ಎರಡು ಥರದ್ದೂ ತಂದಿದ್ದೀರಿ, ಆಫೀಸಿನವರು ಕೊಟ್ಟ 999 ಗಾನ್‌ಮಾವ್‌ಲಿಂಗ್ ಪುಡಿ ಬೇರೆ ಇದೆ. ಯಾವುದನ್ನು ಕುಡಿಯಬೇಕು, ಊರಿಂದ ತಂದ ಡೋಲೋ ಜೊತೆಗೆ ತೆಗೆದುಕೊಳ್ಳಬಹುದಾ, ಇದೆಲ್ಲ ನಿಜಕ್ಕೂ ಕೆಲಸ ಮಾಡುತ್ತದಾ. ನಾನು ಪಕ್ಕದ ಗ್ವಾಂಗ್‌ಝೌನಲ್ಲಿ ಬಟ್ಟೆ ವ್ಯಾಪಾರದ ಕೆಲಸದಲ್ಲಿದ್ದೇನೆ. ಡಾಕ್ಟರ್ ಅಲ್ಲ. ನಾವಿರುವ ಕಟ್ಟಡದ ಕೆಳಗೇ ಒಂದು ಗಿಡಮೂಲಿಕೆ ಅಂಗಡಿ ಇದೆ, ಅಲ್ಲಿನ ಯಜಮಾನರಿಗೆ ಮಾತು ಅಂದರೆ ಇಷ್ಟ, ನನಗೆ ಪ್ರಶ್ನೆ ಕೇಳುವುದು ಅಂದರೆ ಇಷ್ಟ. ಹಾಗಾಗಿ ಸ್ವಲ್ಪ ಗೊತ್ತು.

ಮೊದಲು ಡೋಲೋ ವಿಷಯ, ಅದೇ ಅರ್ಜೆಂಟು. ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ನೋಡದೆ ಜೊತೆಗೆ ನುಂಗಬೇಡಿ. 999 ಗಾನ್‌ಮಾವ್‌ಲಿಂಗ್‌ ನೋಡಲು ಪಕ್ಕಾ ಗಿಡಮೂಲಿಕೆ, ಬಿಸಿನೀರಿಗೆ ಹಾಕಿದರೆ ಕಂದು ಬಣ್ಣ, ಸಿಹಿ-ಕಹಿ ರುಚಿ, ಕಾಡು ಸೇವಂತಿಗೆ ಹೂವು, ಪುದೀನದ ಎಣ್ಣೆ ಎಲ್ಲ ಇದೆ. ಆದರೆ ಒಂದೊಂದು ಪೊಟ್ಟಣದಲ್ಲೂ 200 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ, ಡೋಲೋದಲ್ಲಿರುವುದೂ ಅದೇ! ಜೊತೆಗೆ 4 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್, ಒಂಚೂರು ಕೆಫೀನ್. ವಿಸಿ ಯಿನ್‌ಚ್ಯಾವ್ ಅಂತ ಮಾತ್ರೆ ಬರುತ್ತದಲ್ಲ, ಅದರಲ್ಲೂ ಪ್ಯಾರಾಸಿಟಮಾಲ್ ಇದೆ, ಮಾತ್ರೆಗೆ 105 ಮಿಲಿಗ್ರಾಂ ಲೆಕ್ಕ. "ಚೈನೀಸ್ ಮೆಡಿಸಿನ್ ಕುಡಿದೆ, ಅರ್ಧ ಗಂಟೆಯಲ್ಲಿ ಜ್ವರ ಇಳಿಯಿತು, ಅದ್ಭುತ" ಅಂತ ನಮ್ಮವರು ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಾರೆ. ಇಳಿಸಿದ್ದು ಯಾವುದು ಅಂತ ಈಗ ಗೊತ್ತಾಯಿತಲ್ಲ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಮೂರು ಪೊಟ್ಟಣ ಅಂದರೆ 600 ಮಿಲಿಗ್ರಾಂ, ಮೂರು ಡೋಲೋ 650 ಅಂದರೆ 1950. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4000 ಮಿತಿ ಅನ್ನುತ್ತಾರೆ, ಹಾಗಾಗಿ ಅಷ್ಟಕ್ಕೇ ಗಾಬರಿ ಬೇಡ. ಆದರೆ ಆಫೀಸಿನಲ್ಲಿ ಇನ್ನೊಬ್ಬರು ಇನ್ನೊಂದು ನೆಗಡಿ ಮಾತ್ರೆ ಕೊಡುತ್ತಾರೆ, ಸಂಜೆ ಟೀಮ್ ಊಟದಲ್ಲಿ ಬೈಜ್ಯು ಅನ್ನುವ ಜೋರು ಮದ್ಯ ಸುರಿಯುತ್ತಾರೆ, ಆಗ ಲಿವರ್‌ಗೆ ಹೊಡೆತ. ಒಂದು ಸಲಕ್ಕೆ ಒಂದೇ, ಗಾನ್‌ಮಾವ್‌ಲಿಂಗ್ ಆದರೆ ಡೋಲೋ ಬೇಡ, ಡೋಲೋ ಆದರೆ ಗಾನ್‌ಮಾವ್‌ಲಿಂಗ್ ಬೇಡ. ಫೋನಿನ ಅನುವಾದ ಆಪ್ ತೆರೆದು ಕ್ಯಾಮೆರಾ ಹಿಡಿದರೆ ಡಬ್ಬಿ ಮೇಲಿರುವುದನ್ನು ಓದಬಹುದು. ಇನ್ನೊಂದು, ಆ ಕ್ಲೋರ್‌ಫೆನಿರಮಿನ್ ನಿದ್ದೆ ಬರಿಸುತ್ತದೆ, ಕುಡಿದು ಇ-ಬೈಕ್ ಹತ್ತಬೇಡಿ.

ಇನ್ನು ಆ ಹೆಂಗಸು ಕೇಳಿದ ಪ್ರಶ್ನೆ. ಚೀನೀ ವೈದ್ಯದಲ್ಲಿ ನೆಗಡಿ ಅಂದರೆ ಹೊರಗಿನ ಗಾಳಿ ಮೈಯೊಳಗೆ ಹೊಕ್ಕಿದೆ ಅಂತ ಅರ್ಥ. ಗಾಳಿ ಒಂಟಿಯಾಗಿ ಬರುವುದಿಲ್ಲ, ಥಂಡಿಯನ್ನೋ ಉಷ್ಣವನ್ನೋ ಜೊತೆಗೆ ಕರೆದುಕೊಂಡು ಬರುತ್ತದೆ. ಫಂಗ್-ಹಾನ್ ಅಂದರೆ ಥಂಡಿ ಗಾಳಿಯದು, ಫಂಗ್-ರ ಅಂದರೆ ಉಷ್ಣ ಗಾಳಿಯದು. ಶೀತ, ಉಷ್ಣ ಅಂತ ಕೇಳಿಕೊಂಡೇ ಬೆಳೆದ ನಮಗೆ ಇದು ಹೊಸತಲ್ಲ, ಪರಂಗಿ ಹಣ್ಣು ಉಷ್ಣ, ಸೌತೆಕಾಯಿ ತಂಪು ಅಂತ ನಮ್ಮ ಮನೆಗಳಲ್ಲೂ ಹೇಳುತ್ತಾರಲ್ಲ.

ಥಂಡಿಯದ್ದು ಹೀಗಿರುತ್ತದೆ: ಜ್ವರಕ್ಕಿಂತ ಚಳಿ ಜಾಸ್ತಿ. ಹೊದ್ದುಕೊಂಡರೂ ಚಳಿ ಹೋಗುವುದಿಲ್ಲ, ಬೆವರು ಬರುವುದಿಲ್ಲ. ಮೂಗಿಂದ ನೀರಿನ ಥರ ಸುರಿಯುತ್ತದೆ, ಸೀನು, ಕತ್ತಿನ ಹಿಂಭಾಗ ಬಿಗಿ, ಮೈಕೈ ನೋವು. ಬಾಯಾರಿಕೆ ಇಲ್ಲ, ಕುಡಿದರೂ ಬಿಸಿಯೇ ಬೇಕು ಅನ್ನಿಸುತ್ತದೆ. ನಾಲಿಗೆ ಮೇಲೆ ತೆಳ್ಳಗೆ ಬಿಳಿ ಪದರ. ಉಷ್ಣದ್ದು ಉಲ್ಟಾ: ಚಳಿಗಿಂತ ಜ್ವರ ಜಾಸ್ತಿ, ಶುರುವಾಗುವುದೇ ಗಂಟಲಿಂದ, ಎಂಜಲು ನುಂಗಿದರೂ ಉರಿ. ಸಿಂಬಳ ಗಟ್ಟಿ, ಹಳದಿ. ಸ್ವಲ್ಪ ಬೆವರು, ಬಾಯಾರಿಕೆ, ನಾಲಿಗೆಯ ತುದಿ ಕೆಂಪು. ನಾಡಿಯಲ್ಲೂ ವ್ಯತ್ಯಾಸ ಇದೆ, ಥಂಡಿಯದ್ದು ಬಿಗಿ, ಉಷ್ಣದ್ದು ವೇಗ, ಎರಡೂ ಮೇಲೆ ಮೇಲೆ ಬೆರಳಿಗೆ ಸಿಗುತ್ತದೆ ಅನ್ನುತ್ತಾರೆ. ಅದನ್ನು ಮೂರು ಬೆರಳಿಟ್ಟು ನೋಡಿ ಕಲಿತವರು ಹೇಳಬೇಕು, ನೀವು ಯೂಟ್ಯೂಬ್ ನೋಡಿ ಪ್ರಯತ್ನಿಸಬೇಡಿ. ನಾಲಿಗೆ ನೋಡಬಹುದು. ಬೆಳಗ್ಗೆ ಎದ್ದ ತಕ್ಷಣ ಕಿಟಕಿ ಬೆಳಕಿನಲ್ಲಿ ನೋಡಿ, ಕಾಫಿಗಿಂತ ಮುಂಚೆ. ಕಾಫಿ ಕುಡಿದ ಮೇಲೆ, ಅರಿಶಿನ ಹಾಕಿದ ಸಾರು ಉಂಡ ಮೇಲೆ ನೋಡಿದರೆ ಯಾರ ನಾಲಿಗೆಯಾದರೂ ಹಳದಿಯೇ.

ಮೂರನೆಯದೂ ಒಂದಿದೆ, ಶೆನ್‌ಝೆನ್‌ನ ಬೇಸಿಗೆಗೆ ಅದು ಬೇಕಾಗುತ್ತದೆ. ಸೆಖೆ ಮತ್ತು ತೇವ ಸೇರಿ ಬರುವ ನೆಗಡಿ: ತಲೆ ಭಾರ, ಹೊಟ್ಟೆ ತೊಳೆಸು, ವಾಂತಿ, ಭೇದಿ. ಅದಕ್ಕೆ ಹುವೊಶ್ಯಾಂಗ್ ಝೆಂಗ್‌ಚಿ ಕೊಡುತ್ತಾರೆ. ಹೆಸರಿನ ಕೊನೆಗೆ "ಶುಯ್" ಅಂತ ಇರುವ ಪುಟ್ಟ ಬಾಟಲಿಯಲ್ಲಿ ಆಲ್ಕೋಹಾಲ್ ಚೆನ್ನಾಗಿಯೇ ಇರುತ್ತದೆ, ಸೆಫಲೋಸ್ಪೊರಿನ್ ಥರದ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಮುಟ್ಟಲೇಬೇಡಿ. ಕ್ಯಾಪ್ಸೂಲ್ ಸಿಗುತ್ತದೆ, ಅದು ವಾಸಿ.

ನೀವು ಬರೆದ ಗುರುತು ನೋಡಿದರೆ (ದಿನವೆಲ್ಲ ಎಸಿ ಕೆಳಗೆ ಕೂತೆ, ರಾತ್ರಿ ಚಳಿ, ಮೂಗಿಂದ ನೀರು, ಕತ್ತು ಹಿಡಿದಿದೆ) ಶುರುವಾದಾಗ ಫಂಗ್-ಹಾನ್. "ಇವತ್ತು ಸಿಂಬಳ ಹಳದಿಯಾಗಿದೆ, ಹಾಗಾದರೆ ಉಷ್ಣದ್ದಾ?" ಅಂತ ಕೇಳಿದ್ದೀರಿ. ಇಲ್ಲಿನವರು ಹೌದು ಅನ್ನುತ್ತಾರೆ, ಥಂಡಿ ಒಳಗೇ ಉಳಿದು ಉಷ್ಣಕ್ಕೆ ತಿರುಗುತ್ತದೆ, ಆಗ ಔಷಧಿಯನ್ನೂ ಬದಲಿಸುತ್ತಾರೆ. ಇಂಗ್ಲಿಷ್ ವೈದ್ಯದ ಪ್ರಕಾರ ಆ ಬಣ್ಣ ಬರುವುದು ಬಿಳಿ ರಕ್ತಕಣಗಳಿಂದ, ನೆಗಡಿಯ ಮಾಮೂಲಿ ದಾರಿ ಅದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಹಳದಿ ಕಂಡ ಕೂಡಲೇ ಅಮಾಕ್ಸಿಸಿಲಿನ್ ನುಂಗುವ ಅಗತ್ಯ ಇಲ್ಲ.

ಈಗ ಚಿಕಿತ್ಸೆ. ಥಂಡಿಯದ್ದಕ್ಕೆ ಸೂತ್ರ ಒಂದೇ, ಮೈ ಬೆಚ್ಚಗೆ ಮಾಡಿ ಸಣ್ಣಗೆ ಬೆವರು ಬರಿಸುವುದು. ಮನೆಮದ್ದು ಅಂದರೆ ಶುಂಠಿ, ಈರುಳ್ಳಿ ಹೂವಿನ ಬುಡದ ಬಿಳಿ ಭಾಗ, ಕಂದು ಸಕ್ಕರೆ, ಸಿಕ್ಕರೆ ಝಿಸು ಎಲೆ. ಈ ಝಿಸು ನಮ್ಮ ತುಳಸಿ, ಪುದೀನದ ಕುಟುಂಬದ್ದೇ, ನೇರಳೆ ಬಣ್ಣ, ತರಕಾರಿ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಐದು ನಿಮಿಷ ಕುದಿಸಿ ಬಿಸಿಬಿಸಿ ಕುಡಿದು ಹೊದ್ದು ಮಲಗುವುದು.

ಹಳೆಯ ಔಷಧಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಗ್ವೇಝಿ ಟಾಂಗ್. ಸುಮಾರು 1800 ವರ್ಷದ ಹಿಂದೆ, ಹಾನ್ ರಾಜವಂಶದ ಕೊನೆಗಾಲದಲ್ಲಿ ಝಾಂಗ್ ಝೊಂಗ್‌ಜಿಂಗ್ ಅನ್ನುವ ವೈದ್ಯ ಬರೆದ ಶಾಂಗ್ ಹಾನ್ ಲುನ್‌ನಲ್ಲಿ ಇದೆ. ಐದೇ ಪದಾರ್ಥ: ದಾಲ್ಚಿನ್ನಿ ಮರದ ಎಳೆ ಕಡ್ಡಿ, ಪಿಯೋನಿ ಬೇರು, ಶುಂಠಿ, ಕೆಂಪು ಬೋರೆಹಣ್ಣು, ಜೇಷ್ಠಮಧು. ಥಂಡಿ ಗಾಳಿ ಹೊಕ್ಕಿದೆ, ಆದರೆ ಸ್ವಲ್ಪ ಬೆವರೂ ಬರುತ್ತಿದೆ ಅನ್ನುವವರಿಗೆ ಇದು. ಕಷಾಯಕ್ಕಿಂತ ಚೆನ್ನಾಗಿರುವುದು ಅದನ್ನು ಕುಡಿಯಲು ಕೊಟ್ಟ ಸೂಚನೆ. ಕುಡಿದ ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಬಿಸಿ ತೆಳು ಗಂಜಿ ಕುಡಿಯಬೇಕು, ಆಮೇಲೆ ಹೊದ್ದುಕೊಳ್ಳಬೇಕು. ಮೈಯೆಲ್ಲ ಸಣ್ಣಗೆ ಜಿನುಗಿದರೆ ಸಾಕು, ನೀರು ಹರಿದ ಹಾಗೆ ಬೆವರಿಸಿದರೆ ರೋಗ ಹೋಗುವುದಿಲ್ಲ. ಒಂದೇ ಸಲ ಕುಡಿದದ್ದಕ್ಕೆ ವಾಸಿಯಾದರೆ ಉಳಿದದ್ದನ್ನು ಕುಡಿಯಬೇಡಿ ಅಂತಲೂ ಇದೆ. ಪಥ್ಯದ ಪಟ್ಟಿಯಲ್ಲಿ ತಣ್ಣನೆಯದು, ಹಸಿಯದು, ಮಾಂಸ, ಮದ್ಯ, ಜೊತೆಗೆ ಹೆಪ್ಪಾದ ಹಾಲಿನದ್ದು ಕೂಡ. ನೆಗಡಿ ಬಂದಾಗ ಮೊಸರು ಬೇಡ ಅನ್ನುವ ನಮ್ಮ ಅಜ್ಜಿಯರಿಗೆ ಚೀನಾದಲ್ಲೂ ಸಾಕ್ಷಿ ಸಿಕ್ಕಿತು.

ಬೆವರೇ ಬರದ, ಜೋರು ಥಂಡಿಗೆ ಮಾಹ್ವಾಂಗ್ (ಎಫೆಡ್ರಾ ಅನ್ನುವ ಗಿಡ) ಹಾಕುತ್ತಾರೆ. ನೀವು ತಂದ ಫಂಗ್-ಹಾನ್ ಪುಡಿಯಲ್ಲೂ ಅದು ಇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಫೆಡ್ರಿನ್ ಅನ್ನುವ ರಾಸಾಯನಿಕವನ್ನು ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಬೇರ್ಪಡಿಸಿದ್ದು ಇದೇ ಗಿಡದಿಂದ. ಮೂಗು ತೆರೆಯುತ್ತದೆ, ನಿಜ, ಜೊತೆಗೆ ಎದೆ ಬಡಿತ, ಬಿಪಿ ಏರುತ್ತದೆ, ನಿದ್ದೆ ಹಾರಿಹೋಗುತ್ತದೆ. ಅಮೆರಿಕದಲ್ಲಿ ಮಾಹ್ವಾಂಗ್ ಇರುವ ಪೂರಕ ಆಹಾರಗಳನ್ನು 2004ರಲ್ಲಿ ನಿಷೇಧಿಸಿದರು. ಬಿಪಿ, ಹೃದಯದ ತೊಂದರೆ, ಥೈರಾಯ್ಡ್ ಜಾಸ್ತಿ ಇರುವವರು, ಬಸುರಿಯರು ದೂರ ಇರಬೇಕು. ಕೋವಿಡ್ ಕಾಲದಲ್ಲಿ ಹೆಸರು ಮಾಡಿದ ಲ್ಯಾನ್‌ಹ್ವಾ ಚಿಂಗ್‌ವೆನ್‌ನಲ್ಲೂ ಮಾಹ್ವಾಂಗ್ ಇದೆ, ಅಮ್ಮನಿಗೆ ಇರಲಿ ಅಂತ ಊರಿಗೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡಿ.

ಉಷ್ಣದ್ದಕ್ಕೆ ಯಿನ್‌ಚ್ಯಾವ್. ಇದು ಹೊಸದು, ಅಂದರೆ ಚೀನೀ ಲೆಕ್ಕದಲ್ಲಿ ಹೊಸದು, 1798ರಲ್ಲಿ ವು ಜುಟಾಂಗ್ ಬರೆದ ಪುಸ್ತಕದ್ದು. ಹನಿಸಕಲ್ ಹೂವು, ಫೋರ್ಸಿಥಿಯಾ ಕಾಯಿ, ಪುದೀನ, ಜೇಷ್ಠಮಧು ಇತ್ಯಾದಿ. ಗಿಡಮೂಲಿಕೆಯನ್ನೇ ತಂದು ಕುದಿಸುವುದಾದರೆ ಒಂದು ಮಾತು ನೆನಪಿಡಿ, ಅಂಗಡಿಯ ಯಜಮಾನರು ಪ್ರತಿ ಗಿರಾಕಿಗೂ ಹೇಳುತ್ತಾರೆ: ಘಮ ಜೋರಾಗಿ ಎದ್ದ ಕೂಡಲೇ ಇಳಿಸಿಬಿಡಿ. ಅದೂ ಆ ಪುಸ್ತಕದಲ್ಲೇ ಇರುವ ಮಾತು. ನಾವು ಕಷಾಯ ಅಂದರೆ ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಬತ್ತಿಸುತ್ತೇವೆ, ಹಾಗೆ ಮಾಡಿದರೆ ಹೂವು, ಪುದೀನದ ಎಣ್ಣೆಯೆಲ್ಲ ಹಬೆಯಲ್ಲಿ ಹೋಗಿ ಬರೀ ಕಹಿ ಉಳಿಯುತ್ತದೆ. ಅದಕ್ಕೇ ಪುದೀನದ ಪೊಟ್ಟಣವನ್ನು ಬೇರೆಯೇ ಕಟ್ಟಿ ಕೊಡುತ್ತಾರೆ, ಇಳಿಸುವ ಐದು ನಿಮಿಷ ಮುಂಚೆ ಹಾಕಲು. ಪಾತ್ರೆ ಮಣ್ಣಿನದೋ ಗಾಜಿನದೋ ಇರಲಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ.

ಗಂಟಲು ಉರಿಗೆ ಚ್ವಾನ್‌ಶಿನ್‌ಲ್ಯಾನ್ ಮಾತ್ರೆ ಕೊಟ್ಟರೆ ಗಾಬರಿಯಾಗಬೇಡಿ, ಅದು ನಮ್ಮ ನೆಲಬೇವು. ನಮ್ಮ ಕಡೆಯ ಗಿಡವೇ, ಕಹಿಯೂ ಅದೇ. ಬಾನ್‌ಲಾನ್‌ಗೆನ್ ಅನ್ನುವ ಬೇರಿನ ಬಗ್ಗೆಯೂ ಎಲ್ಲರೂ ಹೇಳುತ್ತಾರೆ, 2003ರಲ್ಲಿ ಸಾರ್ಸ್ ಬಂದಾಗ ಇದೇ ಗ್ವಾಂಗ್‌ಝೌನಲ್ಲಿ ಬಾನ್‌ಲಾನ್‌ಗೆನ್, ವಿನಿಗರ್‌ಗೆ ಜನ ಮುಗಿಬಿದ್ದರು. ನೆಗಡಿ ಬರದೆ ಇರಲಿ ಅಂತ ದಿನಾ ಕುಡಿಯುವವರಿದ್ದಾರೆ, ಸುಮ್ನೆ ದುಡ್ಡು ದಂಡ. ಬೀದಿ ಬದಿಯ ಲ್ಯಾಂಗ್‌ಚಾ ಅಂಗಡಿಯ ಕಪ್ಪು ಕಹಿ ಕಷಾಯ ತಂಪಿನದು, ಉಷ್ಣಕ್ಕೆ ಮಾತ್ರ. ಚಳಿಯಲ್ಲಿ ನಡುಗುತ್ತಾ ಹೋಗಿ ಅದನ್ನು ಕೇಳಿದರೆ ಒಳ್ಳೆಯ ಅಂಗಡಿಯವರು ಕೊಡುವುದೇ ಇಲ್ಲ.

ನೀವು ಸಸ್ಯಾಹಾರಿ ಅಂತ ಬರೆದಿದ್ದೀರಿ, ಹಾಗಾಗಿ ಇದನ್ನು ಓದಿ. ಕೆಮ್ಮಿಗೆ ತುಂಬಾ ಕಡೆ ಕೊಡುವ ಶದಾನ್ ಚ್ವಾನ್‌ಬೇಯಲ್ಲಿ ಹಾವಿನ ಪಿತ್ತ ಇದೆ. ಲಿಂಗ್‌ಯಾಂಗ್ ಗಾನ್‌ಮಾವ್ ಮಾತ್ರೆಯಲ್ಲಿ ಜಿಂಕೆಯಂಥ ಪ್ರಾಣಿಯ ಕೊಂಬು. ಕಷಾಯದ ಪೊಟ್ಟಣದಲ್ಲಿ ಸಿಕಾಡ ಕೀಟ ಕಳಚಿದ ಪೊರೆಯೂ ಬರಬಹುದು. ಮೊದಲೇ ಹೇಳಿದರೆ ತೆಗೆದು ಬೇರೆ ಹಾಕುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲಸ ಮಾಡುತ್ತದಾ ಅಂದರೆ, ನನ್ನ ಅಭಿಪ್ರಾಯ ಇದು. ನೆಗಡಿ ವೈರಸ್‌ನಿಂದ ಬರುತ್ತದೆ, ವಾರ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ನೆಗಡಿಗೆ ಚೀನೀ ಗಿಡಮೂಲಿಕೆ ಕೊಟ್ಟು ನಡೆಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಅವುಗಳ ಗುಣಮಟ್ಟ ಕಳಪೆ, ಗಟ್ಟಿ ತೀರ್ಮಾನಕ್ಕೆ ಸಾಲದು ಅಂದಿದ್ದಾರೆ. ಹಾಗಾಗಿ ಬೇಗ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಥಂಡಿಯೋ ಉಷ್ಣವೋ ಅಂತ ನೋಡುವ ಅಭ್ಯಾಸ ನನಗೆ ಹಿಡಿಸಿದೆ, ಚಳಿ ಇರುವವನಿಗೆ ಶುಂಠಿ, ಗಂಟಲು ಉರಿಯುವವನಿಗೆ ಪುದೀನ, ಇಬ್ಬರಿಗೂ ಗಂಜಿ ಮತ್ತು ನಿದ್ದೆ, ಇದರಲ್ಲಿ ಮೈಗೆ ಹಿತ ಇದೆ, ನಷ್ಟ ಏನೂ ಇಲ್ಲ. ನೀವು ಇವತ್ತು ಶುಂಠಿ ನೀರು, ಗಂಜಿ ಕುಡಿದು ಮಲಗಿ. ತಲೆನೋವು ತಡೆಯಲಾಗದಿದ್ದರೆ ಒಂದು ಡೋಲೋ. ಯಾರಾದರೂ ಗಿಡಮೂಲಿಕೆ ಇಂಜೆಕ್ಷನ್ ಅಥವಾ ಡ್ರಿಪ್ ಹಾಕುತ್ತೇವೆ ಅಂದರೆ ಬೇಡ ಅನ್ನಿ, ಅದರಿಂದ ತೀವ್ರ ಅಲರ್ಜಿ ಆದ ಪ್ರಕರಣಗಳಿವೆ.

ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅಂಗಡಿ ಬಿಟ್ಟು ಆಸ್ಪತ್ರೆಗೆ ಹೋಗಿ. ಚೀನೀ ವೈದ್ಯದ ದೊಡ್ಡ ಆಸ್ಪತ್ರೆಗೆ ಹೋದರೂ ಪರವಾಗಿಲ್ಲ, ಅಲ್ಲಿ ನಾಡಿ ನೋಡುವವರೂ ಇರುತ್ತಾರೆ, ರಕ್ತ ಪರೀಕ್ಷೆ, ಎಕ್ಸ್‌ರೇ ಕೂಡ ಅಲ್ಲೇ ಆಗುತ್ತದೆ. ಪಾಸ್‌ಪೋರ್ಟ್ ಒಯ್ಯಿರಿ, ಚೀಟಿ ಮಾಡಿಸುವಾಗ ಕೇಳುತ್ತಾರೆ. ನುಂಗಿದ ಮಾತ್ರೆ, ಪುಡಿಯ ಖಾಲಿ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.